ಹನ್ನೊಂದನೆಯ ಸಂಖ್ಯೆಯ ಹಿಂದೆ: ಠಾಣೆ–ಕಲ್ಯಾಣ ಪರಿಸರದ ಯುದ್ಧ ಚಿತ್ರಕಥಾ ಸಂಗ್ರಹಗಳು ಮತ್ತು ಮರೆಯಾದ ಕಲಾವಿದರು

ಅಮರ ಚಿತ್ರಕಥಾ ಮಾಲೆಯ ಹಳೆಯ ಇಂಗ್ಲಿಷ್ ಸಂಚಿಕೆಗಳನ್ನು ಕ್ರಮವಾಗಿ ಜೋಡಿಸಲು ಹೊರಟವರಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಮಾಲೆಯ ಪ್ರಥಮ ಕೃತಿಯೆಂದು ಪ್ರಸಿದ್ಧವಾದ 'ಕೃಷ್ಣ'ದ ಮೇಲಿರುವ ಸಂಖ್ಯೆ 1 ಅಲ್ಲ, 11. ಹಾಗಾದರೆ ಅದಕ್ಕಿಂತ ಹಿಂದಿನ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರ ಸಲಹೆಯಂತೆ 1965ರಲ್ಲಿ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಚಿತ್ರಪುಸ್ತಿಕೆಗಳು ಕನ್ನಡದಲ್ಲಿ ಹೊರಬಂದವು. ಅವು ಚೆನ್ನಾಗಿ ಮಾರಾಟವಾದುದರಿಂದ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷ್ ಮಾಲೆಯತ್ತ ಮನಸ್ಸು ಮಾಡಿತು. ಅದರ ಸಂಪಾದಕತ್ವ ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಅನಂತ ಪೈ (1929–2011) ಅವರಿಗೆ ಬಂದಿತು. ಮಾಲೆಯ ಸ್ಥಾಪನೆಯ ವರ್ಷ 1967 ಎಂದೂ, ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ರಾಮನ ತಾಯಿಯ ಹೆಸರನ್ನು ಮಕ್ಕಳು ಹೇಳಲಾರದೆ ಹೋದದ್ದೇ ಅದಕ್ಕೆ ಪ್ರೇರಣೆಯೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಪ್ರಸಂಗವನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ 11 ಎಂಬ ಸಂಖ್ಯೆ ಹೇಳುವ ಇತಿಹಾಸ ಅದಕ್ಕಿಂತ ಎರಡು ವರ್ಷ ಹಿಂದಿನದು, ಮತ್ತು ಅದು ಕನ್ನಡದ್ದು. ಅನಂತರದ ಮರುಮುದ್ರಣಗಳಲ್ಲಿ 'ಕೃಷ್ಣ'ಕ್ಕೆ 501 ಎಂಬ ಹೊಸ ಸಂಖ್ಯೆ ದೊರೆತದ್ದರಿಂದ ಈ ಕುರುಹು ಅಂಗಡಿಯ ಪ್ರತಿಗಳಿಂದ ಅಳಿದುಹೋಯಿತು. ಅದು ಉಳಿದಿರುವುದು ಹಳೆಯ ಪ್ರತಿಗಳಲ್ಲಿ ಮಾತ್ರ.

ಪ್ರಕಾಶನದ ಚರಿತ್ರೆಯ ಒಂದು ಮುಖ್ಯ ಸಂಗತಿ ಹೀಗೆ ಹಳೆಯ ಪ್ರತಿಯ ಮೂಲೆಯೊಂದನ್ನು ನಂಬಿಕೊಂಡಿರುವಾಗ ಆ ಪ್ರತಿಗಳು ಯಾರ ಬಳಿ ಇವೆ, ಹೇಗಿವೆ ಎಂಬ ಪ್ರಶ್ನೆಯನ್ನು ಹವ್ಯಾಸದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಪ್ರಸ್ತುತ ಲೇಖನದ ವ್ಯಾಪ್ತಿ ಇದರಲ್ಲಿ ಒಂದು ಭಾಗಕ್ಕೆ ಸೀಮಿತವಾದುದು. ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಕನ್ನಡ ಮನೆಗಳಲ್ಲಿ ಉಳಿದುಬಂದಿರುವ ಚಿತ್ರಕಥೆಗಳಲ್ಲಿ ಯುದ್ಧವನ್ನು ವಸ್ತುವಾಗುಳ್ಳವುಗಳನ್ನೂ, ಆ ಯುದ್ಧಗಳನ್ನು ಬರೆದ ಕೈಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಯೊಬ್ಬನಿಗೆ ಇಲ್ಲೇನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ಕರ್ತೃವಿನ ಹೆಸರಿಲ್ಲದ ಪಠ್ಯ, ಪ್ರತಿಯಿಂದ ಪ್ರತಿಗೆ ಬದಲಾಗುವ ಪಾಠ, ಅಂಚು ಹರಿದ ಗರಿ, ಇವುಗಳೊಡನೆಯೇ ಆಯುಷ್ಯ ಕಳೆದವನಿಗೆ ಈ ರದ್ದಿಯ ರಾಶಿ ಅಷ್ಟೇನೂ ಅಪರಿಚಿತವಲ್ಲ.

ಹೊರನಾಡಿನ ಓದುಗರಿಗಾಗಿ ಪರಿಸರದ ಬಗೆಗೆ ಒಂದೆರಡು ಮಾತು ಅಗತ್ಯ. ಇಲ್ಲಿನ ಕಲ್ಯಾಣ ಬಸವಣ್ಣನವರ ಕಲ್ಯಾಣವಲ್ಲ. ಅದು ಬೀದರ ಜಿಲ್ಲೆಯದು. ಇದು ಉಲ್ಹಾಸ ನದಿಯ ದಡದ ಹಳೆಯ ಬಂದರು, ಇಂದು ಮಧ್ಯ ರೈಲ್ವೆಯ ದೊಡ್ಡ ಜಂಕ್ಷನ್. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಬಂದಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಈ ಹಳಿಯ ಗುಂಟ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕರಾವಳಿಯಿಂದ ಬಂದ ಹೋಟೆಲು ಕೆಲಸಗಾರರೂ ಮಾಲಿಕರೂ ಇದ್ದರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಮುಂತಾಗಿ ಕರಾವಳಿಯಲ್ಲಿಯೇ ಹುಟ್ಟಿದ ಬ್ಯಾಂಕುಗಳ ನೌಕರರಿದ್ದರು. ಕಾರ್ಖಾನೆಗಳಿಗೆ ಬಂದ ಉತ್ತರ ಕರ್ನಾಟಕದವರೂ ಇದ್ದರು. ಮಾಟುಂಗ, ದಾದರ್‌ಗಳಲ್ಲಿ ಮನೆ ಕೈಗೆಟುಕದ ನೌಕರವರ್ಗಕ್ಕೆ ಡೊಂಬಿವಲಿ ಆಶ್ರಯವಾಯಿತು. ಅಲ್ಲಿನ ಕರ್ನಾಟಕ ಸಂಘ ನಡೆಸಿಕೊಂಡು ಬಂದ ಮಂಜುನಾಥ ವಿದ್ಯಾಲಯ ಆ ನೆಲೆಯ ಗಟ್ಟಿತನಕ್ಕೆ ಸಾಕ್ಷಿ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ರೂಪುಗೊಂಡ ಮೇಲೆ, ಅದರಲ್ಲಿಯೂ 1992ರಲ್ಲಿ ಉಪನಗರ ರೈಲು ವಾಶಿಯನ್ನು ತಲುಪಿದ ಮೇಲೆ, ಇದೇ ಕುಟುಂಬಗಳ ಮುಂದಿನ ತಲೆಮಾರು ಖಾಡಿಯನ್ನು ದಾಟಿ ಆ ಕಡೆಗೂ ಹೋಯಿತು.

ಡೊಂಬಿವಲಿಯಿಂದ ಮುಂಬಯಿಯ ಕಚೇರಿಗೆ ಹೋಗಿಬರುವುದೆಂದರೆ ದಿನಕ್ಕೆ ಎರಡು ಮೂರು ಗಂಟೆಯ ಲೋಕಲ್ ಪ್ರಯಾಣ. ನಿಂತೇ ಹೋಗುವವನು ಒಂದು ಕೈಯಲ್ಲಿ ಹಿಡಿದು ಓದಬಹುದಾದ ಗಾತ್ರದ ಪುಸ್ತಕಕ್ಕೆ ಅಲ್ಲಿ ಸಹಜವಾಗಿಯೇ ಬೆಲೆಯಿತ್ತು. ನಿಲ್ದಾಣದ ವ್ಹೀಲರ್ ಪುಸ್ತಕ ಮಳಿಗೆ, ಓಣಿಯ ಬಾಡಿಗೆ ಗ್ರಂಥಾಲಯ, ತಿಂಗಳ ಕೊನೆಯ ರದ್ದಿ ಅಂಗಡಿ, ರಜಾದಿನದಲ್ಲಿ ಮಾಟುಂಗದ ಕಿಂಗ್ಸ್ ಸರ್ಕಲ್ ಅಥವಾ ಫೋರ್ಟಿನ ಪಾದಚಾರಿ ಹಾದಿಯ ಹಳೆಯ ಪುಸ್ತಕಗಳ ಸಾಲು: ಚಿತ್ರಕಥೆಗಳು ಮನೆ ಸೇರಿದ ಮಾರ್ಗಗಳು ಇವು. ಡೊಂಬಿವಲಿಯ ಬಾಡಿಗೆ ಗ್ರಂಥಾಲಯಗಳ ಪರಂಪರೆ ಇನ್ನೂ ಪೂರ್ತಿ ಅಳಿದಿಲ್ಲ. ಅಲ್ಲಿನ ಪೈ ಫ್ರೆಂಡ್ಸ್ ಲೈಬ್ರರಿ ತನ್ನ ಪುಸ್ತಕ ವಿನಿಮಯ ಉತ್ಸವದಿಂದಾಗಿ ಊರಾಚೆಗೂ ಹೆಸರಾಗಿದೆ.

ಈ ಮನೆಗಳ ಪೆಟ್ಟಿಗೆಗಳಲ್ಲಿ ದೊರೆಯುವ ಯುದ್ಧ ಚಿತ್ರಕಥೆಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯವು ಬ್ರಿಟನ್ನಿನಿಂದ ಬಂದ ಅಂಗೈಯಗಲದ ಪುಸ್ತಿಕೆಗಳು. ಲಂಡನ್ನಿನ ಫ್ಲೀಟ್‌ವೇ ಸಂಸ್ಥೆ 1958ರ ಸೆಪ್ಟೆಂಬರಿನಲ್ಲಿ ಆರಂಭಿಸಿದ 'ವಾರ್ ಪಿಕ್ಚರ್ ಲೈಬ್ರರಿ' 1984ರಲ್ಲಿ ನಿಲ್ಲುವ ಹೊತ್ತಿಗೆ 2,000ಕ್ಕೂ ಹೆಚ್ಚು ಸಂಚಿಕೆಗಳನ್ನು ಕಂಡಿತ್ತು. ಸ್ಕಾಟ್ಲೆಂಡಿನ ಡಂಡೀ ನಗರದ ಡಿ. ಸಿ. ಥಾಮ್ಸನ್ ಸಂಸ್ಥೆ 1961ರ ಜೂನಿನಲ್ಲಿ ಹೊರತಂದ 'ಕಮಾಂಡೊ' ಇನ್ನೂ ದೀರ್ಘಾಯುವಾಗಿ 2017ರಲ್ಲಿ 5,000ನೆಯ ಸಂಚಿಕೆಯನ್ನು ಮುಟ್ಟಿತು. ಬಣ್ಣದ ರಕ್ಷಾಪುಟ, ಒಳಗೆ ಅರುವತ್ತಕ್ಕೂ ಹೆಚ್ಚು ಕಪ್ಪು–ಬಿಳುಪು ಪುಟ, ಪುಟಕ್ಕೆ ಎರಡು ಮೂರು ಚೌಕಟ್ಟು, ಒಂದೇ ಸಂಚಿಕೆಯಲ್ಲಿ ಮುಗಿಯುವ ಕಥೆ. ಎರಡನೆಯವು ಮುಂಬಯಿಯಲ್ಲಿಯೇ ಸಿದ್ಧವಾದ ಅಮರ ಚಿತ್ರಕಥೆಯ ಚಾರಿತ್ರಿಕ ಮತ್ತು ಪೌರಾಣಿಕ ಯುದ್ಧಗಳು. ಇವೆರಡರ ನಡುವೆ ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್ (1964–1990) ಬರುತ್ತದೆ. ಇದು ಕೆಲಕಾಲ ಕನ್ನಡದಲ್ಲಿಯೂ ಪ್ರಕಟವಾಯಿತು. ಅದನ್ನು ಯುದ್ಧಸಾಹಿತ್ಯವೆನ್ನುವುದು ಕಷ್ಟ. ಆದರೆ ಅದರ ರಕ್ಷಾಪುಟಗಳನ್ನು ಬರೆದ ಗೋವಿಂದ ಬ್ರಹ್ಮಣಿಯಾ ಅವರ ವಿಚಾರ ಮುಂದೆ ಬರುವುದರಿಂದ ಇಲ್ಲಿ ಹೆಸರಿಸಿದೆ.

ಬ್ರಿಟಿಷ್ ಪುಸ್ತಿಕೆಗಳ ವಿಷಯದಲ್ಲಿ ಮೊದಲು ಗಮನಿಸಬೇಕಾದುದು ಅವುಗಳ ಮೌನ. ದಶಕಗಳ ಕಾಲ ಅವುಗಳಲ್ಲಿ ಕಥೆಗಾರನ ಹೆಸರೂ ಚಿತ್ರಕಾರನ ಹೆಸರೂ ಅಚ್ಚಾಗಲಿಲ್ಲ. ಓದುಗ ಬಲ್ಲದ್ದು ಮಾಲೆಯ ಹೆಸರು, ಸಂಚಿಕೆಯ ಸಂಖ್ಯೆ, ಬೆಲೆ, ಇಷ್ಟೇ. ಇಂದು ನಮಗೆ ಕೆಲವು ಹೆಸರುಗಳು ಗೊತ್ತಿದ್ದರೆ ಅದರ ದೊಡ್ಡ ಪಾಲು ಸಂಗ್ರಾಹಕರ ಶ್ರಮದ ಫಲ. 'ಕಮಾಂಡೊ'ದ ಮೊದಲ ರಕ್ಷಾಪುಟವನ್ನು ಬರೆದವರು ಕೆನ್ ಬಾರ್. ಅದರ ಒಳಪುಟಗಳಿಗೆ ದಶಕಗಳ ಕಾಲ ದುಡಿದು 1999ರಲ್ಲಿ ನಿವೃತ್ತರಾದವರು ಗಾರ್ಡನ್ ಲಿವಿಂಗ್‌ಸ್ಟೋನ್. ವಿಮಾನಗಳ ಚಿತ್ರಣಕ್ಕೆ ಎಣೆಯಿಲ್ಲದವರೆಂದು ಹೆಸರಾದವರು 2022ರಲ್ಲಿ ತೀರಿಕೊಂಡ ಇಯಾನ್ ಕೆನಡಿ. 'ವಾರ್ ಪಿಕ್ಚರ್ ಲೈಬ್ರರಿ'ಗೂ ಅದರ ಸೋದರ ಮಾಲೆಗಳಿಗೂ ಬರೆದವರಲ್ಲಿ ಇಟಲಿಯವರು ಅನೇಕರು: ಹ್ಯೂಗೊ ಪ್ರಾಟ್, ಜೀನೊ ಡಾಂಟೋನಿಯೊ, ಫರ್ಡಿನಾಂಡೊ ಟಕ್ಕೋನಿ. ಪ್ರಾಟ್ ಮುಂದೆ ಯೂರೋಪಿನಲ್ಲಿ ಮಹಾಕಲಾವಿದರೆಂದು ಮಾನಿತರಾದ ಮೇಲೂ ಅವರ ಕೈಯ ಈ ಪುಸ್ತಿಕೆಗಳು ರದ್ದಿಯ ದರದಲ್ಲಿಯೇ ಇದ್ದವು. ಫ್ಲೀಟ್‌ವೇಯ ಹಳೆಯ ಭಂಡಾರ 2018ರ ಹೊತ್ತಿಗೆ ರೆಬೆಲಿಯನ್ ಎಂಬ ಸಂಸ್ಥೆಯ ಕೈಸೇರಿ, ಪ್ರಾಟ್ ಅವರ ಯುದ್ಧಕಥೆಗಳು ಅವರದೇ ಹೆಸರಿನಲ್ಲಿ ಮರುಮುದ್ರಣವಾಗತೊಡಗಿದವು.

ಹೆಸರಿಲ್ಲದ ಚಿತ್ರಕ್ಕೆ ಹೆಸರು ಹಚ್ಚುವ ಈ ಕೆಲಸ ನಡೆಯುವ ಬಗೆ ನಮ್ಮವರಿಗೆ ಹೊಸದಲ್ಲ. ಒಂದೇ ಕಟ್ಟಿನಲ್ಲಿ ಇಬ್ಬರು ಲಿಪಿಕಾರರ ಕೈ ಇದ್ದರೆ ಹಸ್ತಪ್ರತಿಯ ಸಂಪಾದಕ ಅದನ್ನು ಹೇಗೆ ಕಂಡುಕೊಳ್ಳುತ್ತಾನೆ? ಮುಖ್ಯ ಅಕ್ಷರಗಳಿಂದಲ್ಲ, ಬರೆಯುವವನು ಗಮನವಿಲ್ಲದೆ ಎಳೆದ ತಲೆಕಟ್ಟು, ಒತ್ತು, ದೀರ್ಘದ ಕೊಂಬುಗಳಿಂದ. ಚಿತ್ರಕಥೆಯಲ್ಲಿಯೂ ನಾಯಕನ ಮುಖ ಸಂಪಾದಕೀಯದ ಒತ್ತಡಕ್ಕೆ ಒಳಗಾಗಿ ಎಲ್ಲರ ಕೈಯಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಕಲಾವಿದ ತನ್ನನ್ನು ಬಿಟ್ಟುಕೊಡುವುದು ಕೆಸರಿನಲ್ಲಿ ಹೂತ ಬೂಟಿನಲ್ಲಿ, ಹೊಗೆಯ ಸುರುಳಿಯಲ್ಲಿ, ಹಿನ್ನೆಲೆಯ ಮರದ ಕೊಂಬೆಯಲ್ಲಿ. ಕಲ್ಯಾಣದಲ್ಲಿ ನಾನು ನೋಡಿದ ಒಂದು ಸಂಗ್ರಹದ ಒಡೆಯರು ನಿವೃತ್ತ ನಕ್ಷೆಗಾರರು. ಅವರು ಪುಸ್ತಿಕೆಗಳನ್ನು ಸಂಖ್ಯೆಯ ಕ್ರಮದಲ್ಲಿ ಇಟ್ಟಿರಲಿಲ್ಲ. ಕೈಯ ಕ್ರಮದಲ್ಲಿ ಇಟ್ಟಿದ್ದರು. ಅವರಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಒಂದು ರಾಶಿ "ಕುಂಚ ಒಣಗಿಸಿ ಬರೆಯುವವನದು", ಮತ್ತೊಂದು "ಮೋಡದವನದು". ವಿಶ್ವವಿದ್ಯಾಲಯದ ಗ್ರಂಥಸೂಚಿಗಿಂತ ಈ ವಿಂಗಡಣೆ ಹೆಚ್ಚು ಶಾಸ್ತ್ರೀಯವೆಂದು ನನಗೆ ತೋರಿತು.

ಈ ಪುಸ್ತಿಕೆಗಳ ಲೋಕದೃಷ್ಟಿಯ ಬಗೆಗೆ ಭ್ರಮೆ ಬೇಡ. ಎರಡನೆಯ ಮಹಾಯುದ್ಧದಲ್ಲಿ 25 ಲಕ್ಷದಷ್ಟು ಭಾರತೀಯರು ಸೇನೆಯಲ್ಲಿದ್ದರು. ಬೆಳಗಾವಿಯನ್ನು ಕೇಂದ್ರವಾಗುಳ್ಳ ಮರಾಠಾ ದಳದ ಯಶವಂತ ಘಾಡಗೆ 1944ರಲ್ಲಿಯೂ ನಾಮದೇವ ಜಾಧವ 1945ರಲ್ಲಿಯೂ ಇಟಲಿಯ ರಣಭೂಮಿಯಲ್ಲಿ ವಿಕ್ಟೋರಿಯಾ ಕ್ರಾಸ್‌ಗೆ ಪಾತ್ರರಾದರು. ಘಾಡಗೆಯವರು ಠಾಣೆಗೆ ನೆರೆಯ ಕುಲಾಬಾ, ಅಂದರೆ ಇಂದಿನ ರಾಯಗಡ ಜಿಲ್ಲೆಯವರು. ಕೊಡಗಿನ ತಿಮ್ಮಯ್ಯನವರು ಬರ್ಮಾದ ಅರಕಾನಿನಲ್ಲಿ ಪಡೆಯನ್ನು ನಡೆಸಿದರು. ಅದೇ ಇಟಲಿ, ಅದೇ ಬರ್ಮಾ ಈ ಪುಸ್ತಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ನಾಯಕ ಮಾತ್ರ ಬಹುಪಾಲು ಬ್ರಿಟಿಷನೇ. ಭಾರತೀಯನೂ ಗೂರ್ಖಾನೂ ಬಂದರೆ ಜೊತೆಗಾರನಾಗಿ ಬರುತ್ತಾನೆ. ಇಟಲಿಯ ಕಲಾವಿದರು ತಮ್ಮದೇ ಬೆಟ್ಟಗಳಲ್ಲಿ ನಡೆದ ಯುದ್ಧವನ್ನು ಇಂಗ್ಲಿಷ್ ಹುಡುಗರಿಗಾಗಿ ಬರೆದರು. ಆ ಬೆಟ್ಟಗಳಲ್ಲಿ ಸತ್ತವರ ನಾಡಿನ ಹುಡುಗರು ಅದನ್ನು ಕಲ್ಯಾಣದ ಲೋಕಲಿನಲ್ಲಿ ಓದಿದರು. ಬರೆದವನಿಗೂ ಓದಿದವನಿಗೂ ಆ ಪುಟದಲ್ಲಿ ಹೆಸರಿಲ್ಲ ಎಂಬಲ್ಲಿ ಇಬ್ಬರೂ ಸಮಾನರು.

ಯುದ್ಧ ಈ ಊರಿಗೆ ಬಾರದೆ ಇರಲಿಲ್ಲ. ಕಲ್ಯಾಣದ ಸೆರಗಿನಲ್ಲಿ ಆ ಕಾಲದಲ್ಲಿ ಎದ್ದ ಸೈನಿಕ ಶಿಬಿರವೇ ವಿಭಜನೆಯ ಅನಂತರ ಸಿಂಧಿ ನಿರಾಶ್ರಿತರ ವಸತಿಯಾಗಿ 1949ರಲ್ಲಿ ಉಲ್ಹಾಸನಗರವೆಂಬ ಹೆಸರು ಪಡೆಯಿತು. ಸಮೀಪದ ನೆವಾಳಿಯಲ್ಲಿ ಯುದ್ಧಕಾಲದ ವಿಮಾನದಾರಿಗೆಂದು ತೆಗೆದುಕೊಂಡ ಹೊಲಗಳ ವಿಷಯದಲ್ಲಿ 2017ರ ಜೂನಿನಲ್ಲಿಯೂ ರೈತರ ಪ್ರತಿಭಟನೆ ನಡೆಯಿತು. ಬರ್ಮಾದ ವಿಮಾನದಾರಿಗಳನ್ನು ಚಿತ್ರದಲ್ಲಿ ಕಂಡು ಬೆರಗಾದ ಊರು ತನ್ನ ಹಿತ್ತಿಲಿನದನ್ನು ಇನ್ನೂ ಮರೆತಿಲ್ಲ. ಇದರ ಚಿತ್ರಕಥೆಯನ್ನು ಮಾತ್ರ ಯಾರೂ ಬರೆಯಲಿಲ್ಲ.

ಇನ್ನು ಅಮರ ಚಿತ್ರಕಥೆ. ಇಲ್ಲಿ ಕಲಾವಿದನ ಸ್ಥಿತಿ ಬೇರೆ. ಸಂಚಿಕೆಗಳಲ್ಲಿ ಕಥೆ, ಚಿತ್ರ, ಸಂಪಾದನೆಗಳ ಕರ್ತೃಗಳನ್ನು ನಮೂದಿಸುವ ಪದ್ಧತಿ ಬೆಳೆದುಬಂದಿತು. ಹೆಸರು ಅಚ್ಚಾಯಿತು, ಆದರೆ ನೆನಪಿನಲ್ಲಿ ಉಳಿದದ್ದು ಮಾಲೆಯ ಹೆಸರು, ಮತ್ತು 'ಅಂಕಲ್ ಪೈ' ಎಂದು ಮಕ್ಕಳು ಕರೆದ ಸಂಪಾದಕರ ಹೆಸರು. ಗ್ರಂಥಾಲಯದ ಸೂಚಿಪತ್ರಗಳಲ್ಲಿಯೂ ಕರ್ತೃವಿನ ಸ್ಥಾನದಲ್ಲಿ ಸಂಪಾದಕರೇ ಕಾಣುತ್ತಾರೆ. 'ಕೃಷ್ಣ'ವನ್ನು ಬರೆದ ರಾಮ್ ವಾಯೀರ್ಕರ್ ಅವರೇ ಮುಂದೆ 'ಟಿಂಕಲ್' ಪತ್ರಿಕೆಯ ಸುಪ್ಪಾಂಡಿಯನ್ನು ಬರೆದವರು ಎಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ದೇವರ ಮುಖಕ್ಕೂ ಪೆದ್ದನ ಮುಖಕ್ಕೂ ಒಂದೇ ಕುಂಚ ಒಗ್ಗಿದ್ದು ಸಣ್ಣ ಸಾಧನೆಯಲ್ಲ. ಪ್ರತಾಪ ಮುಳೀಕರದು ದೇಹರಚನೆಯ ಖಚಿತ ಅರಿವಿನ ಮೇಲೆ ನಿಂತ ಶೈಲಿ. ಅವರ ಕುದುರೆ ಬಿದ್ದರೆ ತೂಕದೊಡನೆ ಬೀಳುತ್ತದೆ. 'ಝಾನ್ಸಿಯ ರಾಣಿ'ಯ ಚಿತ್ರಗಳನ್ನು ಬರೆದವರು ಹೇಮಾ ಜೋಶಿ ಎಂಬ ಮಹಿಳೆ. ಭಾರತೀಯ ಚಿತ್ರಕಥೆಯ ಅತ್ಯಂತ ಪರಿಚಿತ ಕದನವೊಂದು ಸ್ತ್ರೀಯೊಬ್ಬರ ಕೈಯಿಂದ ಬಂದುದೆಂಬ ಸಂಗತಿಗೆ ಸ್ತ್ರೀವಾದಿ ಅಧ್ಯಯನಗಳಲ್ಲಿಯೂ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇವರೆಲ್ಲರಲ್ಲಿ ಯುದ್ಧದ ದೃಷ್ಟಿಯಿಂದ ನಾನು ಹೆಚ್ಚು ಬೆಲೆ ಕೊಡುವುದು ದಿಲೀಪ್ ಕದಮ್ ಅವರಿಗೆ. 1985ರಿಂದ 42 ಸಂಚಿಕೆಗಳಲ್ಲಿ ಬಂದ 'ಮಹಾಭಾರತ'ದ ಚಿತ್ರಗಳು ಅವರವು. ಒಂದು ರಥ, ಒಬ್ಬ ರಾಜ, ಒಂದು ಕಥೆ ಎಂಬ 32 ಪುಟದ ಚೌಕಟ್ಟಿನಿಂದ ಹೊರಬಂದು ಹದಿನೆಂಟು ದಿನದ ಕದನವನ್ನು ಸಂಚಿಕೆಯಿಂದ ಸಂಚಿಕೆಗೆ ಎಳೆಯಬೇಕಾದಾಗ ಕಲಾವಿದನಿಗೆ ಎದುರಾಗುವ ಸಮಸ್ಯೆ ಕವಿಯದ್ದೇ: ಪುನರುಕ್ತಿ. ದ್ರೋಣಪರ್ವದ ಬಾಣ ಕರ್ಣಪರ್ವದಲ್ಲಿಯೂ ಬಾಣವೇ. ಪಂಪ ತನ್ನ ಕಾವ್ಯವನ್ನು 941ರಲ್ಲಿ ಮುಗಿಸಿದಾಗ ಅವನಿಗೆ ಸ್ವತಃ ಯುದ್ಧದ ಅನುಭವವಿತ್ತೆಂಬುದು ಸರ್ವವಿದಿತ. ರನ್ನ ಇಡೀ ಭಾರತವನ್ನು ಒಂದು ಗದೆಯ ಸುತ್ತ ಕೇಂದ್ರೀಕರಿಸಿ ಪುನರುಕ್ತಿಯಿಂದ ಪಾರಾದ. ಕುಮಾರವ್ಯಾಸ ಪುನರುಕ್ತಿಯನ್ನೇ ಪ್ರವಾಹವಾಗಿಸಿ ಗೆದ್ದ. ಕದಮ್ ಅವರ ಉಪಾಯ ನೋಟದ ಕೋನವನ್ನು ಬದಲಿಸುವುದು. ಒಮ್ಮೆ ಸೈನ್ಯವನ್ನು ಎತ್ತರದಿಂದ ತೋರಿಸಿ, ಒಮ್ಮೆ ಒಬ್ಬನ ಕಣ್ಣಿನ ಮಟ್ಟಕ್ಕೆ ಇಳಿದು, ಯುದ್ಧದ ನಡುವೆ ಮುಖಗಳಿಗೆ ಸ್ಥಳ ಮಾಡಿಕೊಡುತ್ತಾರೆ. ಇದನ್ನು ಮಹಾಕಾವ್ಯದ ಪಂಕ್ತಿಯಲ್ಲಿ ಕೂರಿಸಬೇಕೆಂದು ನನ್ನ ವಾದವಲ್ಲ. ಭಾರತಕಥೆಯ ನಿರೂಪಣೆಯ ಇತಿಹಾಸವನ್ನು ಬರೆಯುವವರು ಯಕ್ಷಗಾನ, ತೊಗಲುಗೊಂಬೆ, ದೂರದರ್ಶನಗಳನ್ನು ಎಣಿಸಿ ಇದನ್ನು ಬಿಡುವುದು ಮಾತ್ರ ನ್ಯಾಯವಲ್ಲ.

ಇಂದ್ರಜಾಲದ ಗೋವಿಂದ ಬ್ರಹ್ಮಣಿಯಾ ಅವರದು ಇನ್ನೂ ತೆಳುವಾದ ಕೀರ್ತಿ. ಒಳಗಿನ ಕಥೆ ಅಮೆರಿಕದ್ದು. ಅದನ್ನು ಕೊಳ್ಳುವಂತೆ ಮಾಡಿದ ರಕ್ಷಾಪುಟ ಮುಂಬಯಿಯ ಕಚೇರಿಯದು. 1976ರಲ್ಲಿ ಆಬಿದ್ ಸುರತಿಯವರ ಕಥೆಗೆ 'ಬಹಾದುರ್' ಎಂಬ ಭಾರತೀಯ ನಾಯಕನನ್ನು ರೂಪಿಸಿದವರೂ ಇವರೇ. ಫ್ಯಾಂಟಮನ ಕರ್ತೃ ಲೀ ಫಾಕ್ ಎಂದು ಹೇಳಬಲ್ಲವರು ಹತ್ತು ಜನರಿದ್ದರೆ ಆ ರಕ್ಷಾಪುಟ ಯಾರದೆಂದು ಹೇಳಬಲ್ಲವರು ಒಬ್ಬರು.

ಇಲ್ಲಿ ಠಾಣೆ ಸೀಮೆಯದೇ ಒಂದು ಹಳೆಯ ನಿದರ್ಶನವನ್ನು ತರುವುದು ಉಚಿತ. ಬೋರಿವಲಿಯ ಏಕ್ಸರದ ವೀರಗಲ್ಲುಗಳು ಇಂದು ಮುಂಬಯಿ ನಗರಕ್ಕೆ ಸೇರಿದ್ದರೂ 1882ರ ಬಾಂಬೆ ಗೆಜೆಟಿಯರಿನಲ್ಲಿ ಅವುಗಳ ವಿವರ ಬಂದಿರುವುದು ಠಾಣೆ ಜಿಲ್ಲೆಯ ಸಂಪುಟದಲ್ಲಿ. ಹುಟ್ಟುಗಳನ್ನು ಹಾಕುತ್ತ ಸಾಗುವ ನೌಕೆಗಳ ಸಾಲು, ನೌಕಾಯುದ್ಧ, ಮಡಿದ ವೀರರ ಸ್ವರ್ಗಾರೋಹಣ, ತುದಿಯಲ್ಲಿ ಶಿವಸನ್ನಿಧಿ: ಕೆಳಗಿನಿಂದ ಮೇಲಕ್ಕೆ, ಒಂದು ಪಟ್ಟಿಕೆಯಿಂದ ಮತ್ತೊಂದಕ್ಕೆ ಕಥೆ ಏರುತ್ತದೆ. ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ಯಾದವ ಮಹಾದೇವನಿಗೂ 1265ರ ಸುಮಾರಿಗೆ ನಡೆದ ಯುದ್ಧದೊಡನೆ ಇವುಗಳಿಗೆ ಸಾಮಾನ್ಯವಾಗಿ ಸಂಬಂಧ ಕಲ್ಪಿಸಲಾಗಿದೆ. ಠಾಣೆಯನ್ನು ರಾಜಧಾನಿಯಾಗಿಸಿಕೊಂಡಿದ್ದ, ಮೊದಲಿಗೆ ರಾಷ್ಟ್ರಕೂಟರ ಸಾಮಂತರಾಗಿದ್ದ ಈ ಶಿಲಾಹಾರರ ಮೂಲ ಕನ್ನಡನಾಡೆಂದು ಹೇಳಿದ ವಿದ್ವಾಂಸರಿದ್ದಾರೆ; ಆ ಚರ್ಚೆ ಇಲ್ಲಿ ಬೇಡ. ಚೌಕಟ್ಟುಗಳಲ್ಲಿ ಹಂತಹಂತವಾಗಿ ಯುದ್ಧವನ್ನು ಹೇಳುವ ಕ್ರಮ ಈ ನೆಲಕ್ಕೆ ಡಂಡೀಯಿಂದ ಬಂದುದಲ್ಲ ಎಂಬುದಷ್ಟೇ ಪ್ರಕೃತ.

ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ವೀರಗಲ್ಲು ಸತ್ತವನ ಊರಿನಲ್ಲಿ ನಿಲ್ಲುತ್ತದೆ. ಚಿತ್ರಕಥೆ ಸತ್ತವನನ್ನು ಅರಿಯದ ಊರುಗಳಲ್ಲಿ ಮಾರಾಟವಾಗುತ್ತದೆ. ನನ್ನ ದೃಷ್ಟಿಯಲ್ಲಿ ಹೋಲಿಕೆಯ ಪ್ರಯೋಜನ ಬೇರೊಂದೆಡೆ ಇದೆ. ವೀರಗಲ್ಲಿನ ಶಾಸನ ವೀರನನ್ನೂ ಅರಸನನ್ನೂ ಹೇಳಿ ರೂವಾರಿಯ ವಿಷಯದಲ್ಲಿ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಇದಕ್ಕೆ ಎದುರಾಗಿ ಹೊಯ್ಸಳ ದೇವಾಲಯಗಳ ಶಿಲ್ಪಿಗಳು ಹೆಸರನ್ನು ಕೊರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ನಮಗೆ ವ್ಯಕ್ತಿಗಳಾಗಿ ಪರಿಚಿತರಾದುದು ಆ ಪುಟ್ಟ ಬರಹಗಳನ್ನು ಯಾರೋ ಬಗ್ಗಿ ಓದಿದ್ದರಿಂದ. ಪೀಠದ ಮೇಲಿನ ನಾಲ್ಕು ಅಕ್ಷರವನ್ನು ಅಲಂಕಾರವೆಂದು ಬಿಟ್ಟಿದ್ದರೆ ಇಂದು ಹೊಯ್ಸಳ ಶಿಲ್ಪಕ್ಕೆ ಚರಿತ್ರೆ ಇರುತ್ತಿತ್ತು, ಶಿಲ್ಪಿಗಳಿಗೆ ಇರುತ್ತಿರಲಿಲ್ಲ. ಚಿತ್ರಕಥೆಯ ಚೌಕಟ್ಟಿನ ಮೂಲೆಯ ರುಜುವನ್ನೂ ಹೀಗೆಯೇ ಬಗ್ಗಿ ಓದಬೇಕು.

ಓದಲು ಅದು ಉಳಿದಿರಬೇಕಲ್ಲ! ಬಾಡಿಗೆ ಗ್ರಂಥಾಲಯಗಳು ಪುಸ್ತಿಕೆಗಳನ್ನು ಹತ್ತು ಹದಿನೈದರಂತೆ ಸೇರಿಸಿ ರಟ್ಟು ಕಟ್ಟಿಸುತ್ತಿದ್ದವು. ಬಾಳಿಕೆಗೆ ಅದು ಒಳ್ಳೆಯದೇ. ಈ ಕಟ್ಟುಗಳಿಂದಾಗಿಯೇ ಎಷ್ಟೋ ಸಂಚಿಕೆಗಳು ನಮ್ಮವರೆಗೆ ಬಂದಿವೆ. ಆದರೆ ಕಟ್ಟುವವನು ಅಂಚುಗಳನ್ನು ಸಮಮಾಡಲು ಕತ್ತರಿಸುವಾಗ ಮೊದಲು ಹೋಗುವುದು ಕೆಳಮೂಲೆಯ ರುಜು. ರಕ್ಷಾಪುಟವನ್ನು ತೆಗೆದುಹಾಕಿದರೆ ಬಣ್ಣದ ಚಿತ್ರವೂ ಅದರೊಡನೆ ಬೆಲೆ, ಸಂಖ್ಯೆಗಳೂ ಹೋದವು. ಡೊಂಬಿವಲಿಯ ಇಂತಹ ಒಂದು ಕಟ್ಟಿನಲ್ಲಿ ಹನ್ನೆರಡು ಕಥೆಗಳಿದ್ದು ಎರಡರಲ್ಲಿ ಮಾತ್ರ ರುಜುವಿನ ಕೊನೆಯ ಅಕ್ಷರಗಳು ಉಳಿದಿದ್ದವು. ಇದರ ಮೇಲೆ ಕರಾವಳಿಯ ತೇವ. ನಡುವಿನ ತಂತಿಯ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಅಗ್ಗದ ಕಾಗದ ತನ್ನ ಹುಳಿಯಿಂದಲೇ ಕಂದಿ ಪುಡಿಯಾಗುತ್ತದೆ. 2005ರ ಜುಲೈ 26ರ ಮಳೆಯಲ್ಲಿ ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದಲಾಪುರಗಳ ತಗ್ಗು ವಸತಿಗಳು ಮುಳುಗಿದಾಗ ನೆಲಮಹಡಿಯ ಕಾಗದಕ್ಕೆ ಏನಾಗಿರಬಹುದೆಂದು ವಿವರಿಸಬೇಕಾಗಿಲ್ಲ. ಈಗ ನಡೆದಿರುವುದು ಇನ್ನೊಂದು ಬಗೆಯ ಪ್ರವಾಹ: ಹಳೆಯ ನಾಲ್ಕು ಮಹಡಿಯ ಕಟ್ಟಡಗಳು ಪುನರ್ವಿಕಾಸಕ್ಕೆ ಹೋಗುತ್ತಿವೆ. ಎರಡು ಮೂರು ವರ್ಷ ಬಾಡಿಗೆಯ ಮನೆಗೆ ಹೋಗುವ ಕುಟುಂಬ ಮೊದಲು ಬಿಡುವುದು ಅಟ್ಟದ ಪೆಟ್ಟಿಗೆಯನ್ನು.

ಕನ್ನಡ ಸಂಚಿಕೆಗಳಿಗೆ ಇದರಲ್ಲಿ ಇಮ್ಮಡಿ ಅಪಾಯ. ಇಂಗ್ಲಿಷಿನ 'ಕಮಾಂಡೊ'ಗೆ ಈಗ ಬೆಲೆ ಬಂದಿದೆ. ರದ್ದಿಯವನೂ ಅದನ್ನು ಬೇರೆ ತೆಗೆದಿಡಬಲ್ಲ. ಕನ್ನಡ ಅಮರ ಚಿತ್ರಕಥೆಯನ್ನೋ ಕನ್ನಡ ಇಂದ್ರಜಾಲವನ್ನೋ ಮರಾಠಿ, ಹಿಂದಿ ಮಾತ್ರ ಬಲ್ಲ ಅಂಗಡಿಯವನು ಓದಲಾರ. ಅದು ನೇರವಾಗಿ ಕಿಲೋ ಲೆಕ್ಕಕ್ಕೆ ಹೋಗುತ್ತದೆ. ಮನೆಯ ಮಕ್ಕಳೂ ಕನ್ನಡ ಲಿಪಿ ಬಿಟ್ಟಿದ್ದರೆ ತಡೆಯುವವರಿಲ್ಲ. ಈ ಸಂಚಿಕೆಗಳನ್ನು ಅನುವಾದವೆಂಬ ಕಾರಣಕ್ಕೆ ದ್ವಿತೀಯ ದರ್ಜೆಯವೆಂದು ಭಾವಿಸುವುದು ತಪ್ಪು. ಹಲವು ಭಾಷೆಗಳಿಗೆ ಒಂದೇ ಚಿತ್ರವನ್ನು ಬಳಸುವಲ್ಲಿ ಮಾತಿನ ಗುಳ್ಳೆಯ ಅಳತೆ ಮೊದಲೇ ನಿಶ್ಚಿತವಾಗಿರುತ್ತದೆ. ಇಂಗ್ಲಿಷಿನ ನಾಲ್ಕು ಪುಟ್ಟ ಪದಗಳ ಜಾಗದಲ್ಲಿ ಒತ್ತಕ್ಷರ, ದೀರ್ಘಗಳಿಂದ ಎತ್ತರವನ್ನೂ ಅಗಲವನ್ನೂ ಬೇಡುವ ಕನ್ನಡವನ್ನು ಕೂರಿಸಬೇಕು. ಅದೂ ರಣರಂಗದ ನಡುವೆ, ಬಾಣ ಬಿಡುವವನ ಬಾಯಲ್ಲಿ. ಸಂಸ್ಕೃತಭೂಯಿಷ್ಠವಾದ ವೀರವಾಣಿ ಬೇಕೆ, ಮಕ್ಕಳಿಗೆ ತಿಳಿಯುವ ಮಾತು ಬೇಕೆ? ಈ ಇಕ್ಕಟ್ಟಿನಲ್ಲಿ ಹುಟ್ಟಿದ ಗದ್ಯಕ್ಕೆ ತನ್ನದೇ ಒಂದು ಬಿಗಿ ಇದೆ. ಮುಂಬಯಿಯ ಎಷ್ಟೋ ಕನ್ನಡ ಮಕ್ಕಳು ಶಾಲೆಯ ಪಠ್ಯದ ಹೊರಗೆ ಓದಿದ ಮೊದಲ ಕನ್ನಡ ಗದ್ಯ ಇದು.

ಅಮರ ಚಿತ್ರಕಥೆಯ ರಾಜಕಾರಣದ ಮೇಲೆ ಗಂಭೀರವಾದ ಟೀಕೆಗಳಿವೆ. ನಂದಿನಿ ಚಂದ್ರ ಅವರ 2008ರ ಗ್ರಂಥವೂ ಕಾರ್ಲೈನ್ ಮೆಕ್ಲೇನ್ ಅವರ 2009ರ ಗ್ರಂಥವೂ ಈ ಪುಸ್ತಿಕೆಗಳು ರಾಷ್ಟ್ರ, ಜಾತಿ, ಧರ್ಮ, ಸ್ತ್ರೀಯರ ಕಲ್ಪನೆಗಳನ್ನು ಹೇಗೆ ರೂಪಿಸಿದವೆಂಬುದನ್ನು ಶೋಧಿಸಿವೆ. ಯುದ್ಧದ ಚಿತ್ರಗಳಲ್ಲಿ ಶತ್ರುವಿನ ಮೈಬಣ್ಣ, ಗಡ್ಡ, ಹುಬ್ಬುಗಳ ನಿರೂಪಣೆಯನ್ನು ನೋಡಿದವರು ಈ ಟೀಕೆಯನ್ನು ಲಘುವಾಗಿ ಕಾಣಲಾರರು. ಕಲಾವಿದರನ್ನು ಹೆಸರಿಸುವುದೆಂದರೆ ಹೊಗಳುವುದೇ ಎಂದು ಸಂಗ್ರಾಹಕರಲ್ಲಿ ಅನೇಕರು ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಸರಿದ್ದರೆ ಹೊಣೆಯೂ ಇರುತ್ತದೆ. ಸಂಪಾದಕನ ಸೂಚನೆ ಎಲ್ಲಿ ಮುಗಿಯಿತು, ಕೈಯ ಅಭ್ಯಾಸ ಎಲ್ಲಿ ಮೊದಲಾಯಿತು ಎಂದು ಕೇಳುವುದಕ್ಕಾದರೂ ಕೈ ಯಾರದೆಂದು ತಿಳಿದಿರಬೇಕು. ಮಾಲೆಯನ್ನು ಇಡಿಯಾಗಿ ನಿಂದಿಸುವವರೂ ಇಡಿಯಾಗಿ ಆರಾಧಿಸುವವರೂ ಈ ಪ್ರಶ್ನೆಯನ್ನು ಸಮಾನವಾಗಿ ತಪ್ಪಿಸಿಕೊಳ್ಳುತ್ತಾರೆ.

ಸಂಗ್ರಾಹಕರ ಆಸಕ್ತಿಗೂ ಸಂಶೋಧಕರ ಅಗತ್ಯಕ್ಕೂ ಅಂತರವಿದೆ. ಸಂಗ್ರಾಹಕ ಬಯಸುವುದು ಕಲೆಯಿಲ್ಲದ ರಕ್ಷಾಪುಟ ಮತ್ತು ಮೊದಲ ಮುದ್ರಣ. ನಮಗೆ ರಕ್ಷಾಪುಟ ಹರಿದ ಐದನೆಯ ಮುದ್ರಣವೂ ಬೇಕು. ಏಕೆಂದರೆ ಮರುಮುದ್ರಣದಲ್ಲಿ ಏನು ಬದಲಾಯಿತೆಂಬುದು ಅದರಿಂದಲೇ ತಿಳಿಯಬೇಕು. ಪುಟದಲ್ಲಿ ಬಾಡಿಗೆ ಗ್ರಂಥಾಲಯದ ಮೊಹರು ಬಿದ್ದಿದ್ದರೆ ಸಂಗ್ರಾಹಕ ಬೆಲೆ ಇಳಿಸುತ್ತಾನೆ. ನಮಗೆ ಆ ಮೊಹರೇ ಪುಸ್ತಕ ಯಾವ ಓಣಿಯಲ್ಲಿ ಓಡಾಡಿತೆಂಬುದಕ್ಕೆ ದಾಖಲೆ. ಆದುದರಿಂದ ಇಂತಹ ಪ್ರತಿಯನ್ನು ಕಂಡವರು ಸಂಖ್ಯೆ, ಭಾಷೆ, ಮುದ್ರಣದ ವರ್ಷ, ಬೆಲೆಗಳ ಜೊತೆಗೆ ರುಜು ಯಾವ ಪುಟದ ಯಾವ ಮೂಲೆಯಲ್ಲಿದೆ, ಯಾವ ಲಿಪಿಯಲ್ಲಿದೆ, ಕತ್ತರಿಸಿದ್ದರೆ ಎಷ್ಟು ಉಳಿದಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನೆರೂಲಿನ ಗೆಳೆಯರೊಬ್ಬರ ಮನೆಯಲ್ಲಿ ನಾವು ಕೆಲವರು ಸೇರಿ ಶಾಲೆಯ ಗೆರೆಪುಸ್ತಕದಲ್ಲಿ ಇಂತಹ ಪಟ್ಟಿಯೊಂದನ್ನು ಆರಂಭಿಸಿದ್ದೇವೆ. ಕನ್ನಡ ಸಂಚಿಕೆಗಳಿಗೆ ಮೀಸಲಿಟ್ಟ ಭಾಗದಲ್ಲಿ ಮೊದಲ ಹತ್ತು ಸಾಲುಗಳು ಖಾಲಿ ಇವೆ. 1965ರ ಆ ಹತ್ತು ಪುಸ್ತಿಕೆಗಳಲ್ಲಿ ಯಾವುದಾದರೂ ಒಂದು, ರಕ್ಷಾಪುಟವಿಲ್ಲದೆ ಇದ್ದರೂ ಸರಿ, ಹೊರನಾಡಿನ ಓದುಗರ ಮನೆಯಲ್ಲಿಯೋ ಸಂಘದ ಕಪಾಟಿನಲ್ಲಿಯೋ ಇದ್ದಲ್ಲಿ ಪೀಠದ ವಿಳಾಸಕ್ಕೆ ಒಂದು ಸಾಲು ಬರೆದು ತಿಳಿಸಬೇಕು. ಪ್ರತಿಯನ್ನು ಕಳುಹಿಸಬೇಕಾಗಿಲ್ಲ, ಒಳಪುಟದ ಮುದ್ರಣ ವಿವರ ಮತ್ತು ರುಜುವಿನ ಛಾಯಾಚಿತ್ರ ಸಾಕು.